ನೀಲಳ ಕಿವಿ ಹೋದ ಬೇಸಿಗೆ

ನನ್ನ ಮಗಳು ನೀಲಾಂಬಿಕೆಗೆ ಆಗ ನಾಲ್ಕು ವರ್ಷ ತುಂಬಿ ಮೂರು ತಿಂಗಳಾಗಿತ್ತು. ಮಾತು ಕಲಿತ ಮೇಲೆ ಅವಳು ಎಚ್ಚರವಿದ್ದಷ್ಟು ಹೊತ್ತು ಸುಮ್ಮನೆ ಕೂತದ್ದು ನನಗೆ ನೆನಪಿಲ್ಲ. ಮೂಡಿಗೆರೆ ಪೇಟೆಯಲ್ಲಿ ನಮ್ಮದು ಕಂಬಳಿ, ಸೀರೆ, ಪಂಚೆಗಳ ಸಣ್ಣ ಅಂಗಡಿ. ಅದರ ಹಿಂದೆಯೇ ಮನೆ. ಸುತ್ತಲ ಹಳ್ಳಿಗಳಿಂದ ಬಟ್ಟೆ ಕೊಳ್ಳಲು ಬಂದ ಹೆಂಗಸರನ್ನು ಅವಳು ಮೆಟ್ಟಿಲ ಮೇಲೇ ತಡೆದು ನಿಲ್ಲಿಸುತ್ತಿದ್ದಳು. ನಿಮ್ಮ ಊರು ಯಾವುದು, ನಿಮ್ಮ ಮನೆಯಲ್ಲಿ ಬೆಕ್ಕು ಇದೆಯೇ, ಮರಿ ಹಾಕಿದೆಯೇ ಎಂದೆಲ್ಲ ವಿಚಾರಣೆ ಮುಗಿಸಿಯೇ ಒಳಗೆ ಬಿಡುವುದು. ನಮ್ಮತ್ತೆ ಅವಳಿಗೆ ಶ್ಯಾನುಭೋಗರು ಎಂದು ಹೆಸರಿಟ್ಟಿದ್ದರು.

ಈಗ ಅವಳಿಗೆ ಎಂಟು ವರ್ಷ. ನಾನು ಲೋವರ್ ಸೆಕೆಂಡರಿವರೆಗೆ ಓದಿದವಳು. ತವರಿಗೆ ಕಾಗದ ಬರೆಯುವುದು ಬಿಟ್ಟರೆ ಬೇರೇನೂ ಬರೆದವಳಲ್ಲ. ಇದನ್ನು ಬರೆಯಲು ಕಾರಣವಿದೆ. ಹೋದ ತಿಂಗಳು ಬಾಳೂರಿನ ಕಡೆಯ ಹೆಂಗಸೊಬ್ಬಳು ಮಗುವನ್ನು ಕಂಕುಳಲ್ಲಿಟ್ಟುಕೊಂಡು ಅಂಗಡಿಗೆ ಬಂದಳು. ಬಟ್ಟೆಗಾಗಿ ಬಂದದ್ದಲ್ಲ. ಅವಳ ಮಗುವಿಗೂ ಜ್ವರ ಬಂದು ಹೋದ ಮೇಲೆ ಕಿವಿ ಕೇಳುತ್ತಿಲ್ಲವಂತೆ. ಯಾರೋ ನಮ್ಮ ಮನೆ ತೋರಿಸಿ ಕಳಿಸಿದ್ದರು. "ನೀವು ಹೆಂಗೆ ತಡ್ಕಂಡ್ರಿ ಅಮ್ಮಾ?" ಎಂದು ಕೇಳಿದಳು. ತಡೆದುಕೊಳ್ಳಲಿಲ್ಲ ಎನ್ನುವುದು ಸರಿಯಾದ ಉತ್ತರ. ಕುಡಿಯಲು ನೀರು ಕೊಟ್ಟು, ಬೆಲ್ಲ ಕೊಟ್ಟು ಕಳಿಸಿಬಿಟ್ಟೆ. ಅವಳು ಹೋದ ಮೇಲೆ ಹೇಳಬೇಕಾಗಿದ್ದದ್ದು ಒಂದೊಂದಾಗಿ ನೆನಪಾಗತೊಡಗಿತು.

ಆ ವರ್ಷ ಹೂಮಳೆ ಹದವಾಗಿ ಬಿದ್ದಿತ್ತು. ಪೇಟೆಯ ಸುತ್ತಲ ಕಾಫಿ ತೋಟಗಳೆಲ್ಲ ಒಮ್ಮೆಲೇ ಅರಳಿ, ಮನೆಯೊಳಗೆ ಕೂತರೂ ಹೂವಿನ ವಾಸನೆ ಬಿಡುತ್ತಿರಲಿಲ್ಲ. ಅದು ಸಂತೆಯ ದಿನ. ನಮ್ಮ ಯಜಮಾನರು ಕಂಬಳಿ ಗಂಟು ಹೊರಿಸಿಕೊಂಡು ಸಂತೆಮಾಳಕ್ಕೆ ಹೋಗಿದ್ದರು. ಅಂಗಡಿ ನನ್ನ ಪಾಲಿಗೆ ಬಿದ್ದಿತ್ತು. ಜನ ತುಂಬಿದ್ದ ಹೊತ್ತಿನಲ್ಲಿ ನೀಲ ಬಂದು ನನ್ನ ಸೆರಗು ಎಳೆದು ತಲೆ ನೋಯುತ್ತದೆ ಎಂದಳು.

ನಮ್ಮತ್ತೆಗೆ ಅರೆತಲೆನೋವಿತ್ತು. ನೋವು ಬಂದಾಗಲೆಲ್ಲ ಅವರು ಹಣೆಗೆ ಬಟ್ಟೆ ಬಿಗಿದುಕೊಂಡು ಮೂಲೆ ಸೇರುವರು. ನೀಲ ಅದನ್ನು ನೋಡಿ ನೋಡಿ, ತಾನೂ ಒಂದು ಚಿಂದಿ ಕಟ್ಟಿಕೊಂಡು ನರಳುವ ಆಟ ಕಲಿತಿದ್ದಳು. ಅವತ್ತೂ ಅದೇ ಎಂದುಕೊಂಡೆ. ಎರಡನೇ ಸಲ ಸೆರಗು ಎಳೆದಾಗ ಬೆನ್ನಿಗೆ ಒಂದು ಕೊಟ್ಟು, ನಾಟಕವನ್ನೆಲ್ಲ ಅಜ್ಜಿಯ ಹತ್ತಿರ ಆಡಿಕೋ ಎಂದು ತಳ್ಳಿದೆ. ಅವಳು ಅಳಲಿಲ್ಲ. ಮೂಲೆಯಲ್ಲಿ ಪೇರಿಸಿದ್ದ ಕಂಬಳಿಗಳ ಮೇಲೆ ಹೋಗಿ ಮಲಗಿದಳು. ಅಳದೆ ಹೋದದ್ದೇ ನನಗೆ ತಿಳಿಯಬೇಕಾಗಿತ್ತು. ತಿಳಿಯಲಿಲ್ಲ. ಗಿರಾಕಿಗಳು ಕರಗಿದ ಮೇಲೆ ಹೋಗಿ ಮುಟ್ಟಿದರೆ ಮೈ ಕಾದ ಹೆಂಚು.

ನಮ್ಮ ಕಡೆ ಜ್ವರ ಎಂದರೆ ಮಲೇರಿಯಾ ಎಂದೇ ಲೆಕ್ಕ. ಮಾರನೆಯ ಬೆಳಿಗ್ಗೆ ದವಾಖಾನೆಯ ಕಾಂಪೌಂಡರು ಬಂದು ನಾಲಿಗೆ ನೋಡಿ, ಕ್ವಿನೈನ್ ಕೊಟ್ಟು ಹೋದರು. ಅವರದು ತಪ್ಪು ಎನ್ನಲಾರೆ. ಆ ವಾರ ಅವರು ನೋಡಿದ ಜ್ವರಗಳೆಲ್ಲ ಅದೇ ಆಗಿದ್ದವು. ನೀಲ ಕುಡಿದದ್ದನ್ನೆಲ್ಲ ಕಕ್ಕಿದಳು. ಬೆಳಕು ಬಿದ್ದರೆ ಕಣ್ಣು ಮುಚ್ಚಿಕೊಂಡು ಕಿರುಚುವಳು. ನಾವು ಬಾಗಿಲಿಗೆ ಕಂಬಳಿ ಇಳಿಬಿಟ್ಟು ಕತ್ತಲು ಮಾಡಿದೆವು. ಹೊತ್ತು ನೆತ್ತಿಗೇರುವಷ್ಟರಲ್ಲಿ ಅವಳನ್ನು ಎತ್ತಿಕೊಳ್ಳಲು ಹೋದ ನನಗೆ ಕುತ್ತಿಗೆ ಬಾಗುತ್ತಿಲ್ಲ ಎಂದು ತಿಳಿಯಿತು. ತಲೆಯ ಕೆಳಗೆ ಕೈ ಕೊಟ್ಟು ಎತ್ತಿದರೆ ಇಡೀ ಮೈ ಹಲಗೆಯ ಹಾಗೆ ಮೇಲೆದ್ದಿತು.

ಚಿಕ್ಕಮಗಳೂರಿನ ದೊಡ್ಡಾಸ್ಪತ್ರೆಗೆ ಹೋಗೋಣ ಎಂದು ನಾನೆಂದೆ. ಯಜಮಾನರು ತಾಯಿಯ ಮುಖ ನೋಡಿದರು. ನಮ್ಮತ್ತೆ ಮಗುವಿನ ಕಾಲ ಹತ್ತಿರ ಕೂತಿದ್ದವರು ಏಳಲಿಲ್ಲ.

"ದೊಡ್ಡಾಸ್ಪತ್ರೆ ಎಂಥದು ಅಂತ ನಂಗೆ ಗೊತ್ತು. ಪ್ಲೇಗಿನಲ್ಲಿ ನನ್ ಸಣ್ಣ ಮಗನ್ನ ಒಳಗೆ ಕಳ್ಸಿ, ಬರೀ ಕೈಯಲ್ಲಿ ಬಂದೋಳು ನಾನು. ಇದನ್ನ ಕಳ್ಸಲ್ಲ."

ನಾನು ಮದುವೆಯಾಗಿ ಬರುವ ಎಷ್ಟೋ ವರ್ಷ ಮೊದಲಿನ ಸಂಗತಿ ಅದು. ಆ ಮಗನ ಹೆಸರನ್ನು ಕೂಡ ಅವರು ಆಡುತ್ತಿರಲಿಲ್ಲ. ಯಜಮಾನರು ಅಯ್ಯನವರನ್ನು ಕರೆಸಿದರು. ಅವರು ನಮ್ಮ ಮನೆತನದ ಗುರುಗಳು, ತುಂಬ ವಯಸ್ಸಾದವರು. ಬಂದು, ಕಾಲು ತೊಳೆದು, ಮಗುವಿನ ಹಣೆಗೆ ವಿಭೂತಿ ಹಚ್ಚಿ, ತೋಳಿಗೆ ತಾಯಿತ ಕಟ್ಟಿದರು. ಆಮೇಲೆ ಅವಳ ಕುತ್ತಿಗೆಯನ್ನು ತಾವೇ ಮುಟ್ಟಿ ನೋಡಿ, ನಮ್ಮತ್ತೆಯ ಕಡೆ ತಿರುಗಿದರು.

"ತಾಯಿ, ನನ್ನ ಕೈಯಲ್ಲಾಗೋದು ಮಾಡಿದೀನಿ. ಇದು ಡಾಕ್ಟ್ರು ನೋಡಬೇಕಾದ ಮಗು. ನನ್ನ ಮಾತು ನಡೆಸ್ತೀರಿ ಅನ್ನೋದಾದ್ರೆ ಕಳ್ಸಿಕೊಡಿ."

ಅತ್ತೆ ಸೆರಗಿನಿಂದ ಮುಖ ಮುಚ್ಚಿಕೊಂಡರು. ಅದೇ ಒಪ್ಪಿಗೆ. ಆದರೆ ಚಿಕ್ಕಮಗಳೂರಿಗೆ ಇದ್ದದ್ದು ಬೆಳಗಿನ ಒಂದೇ ಬಸ್ಸು. ಅದು ಎಂದೋ ಹೋಗಿಯಾಗಿತ್ತು. ಯಜಮಾನರು ಹತ್ತಿರದ ಎಸ್ಟೇಟಿಗೆ ನಡೆದು ಹೋಗಿ ದೊರೆಗಳ ಕಾರು ಕೇಳಿದರು. ಪೆಟ್ರೋಲಿಲ್ಲ ಎಂದು ಅಲ್ಲಿಯ ಲೆಕ್ಕ ಬರೆಯುವ ರೈಟರು ಹೇಳಿಕಳಿಸಿದರಂತೆ. ಯುದ್ಧದ ಕಾಲ, ಇಲ್ಲದೆಯೂ ಇದ್ದಿರಬಹುದು. ಹೀಗೆ ಸಂತೆಯ ದಿನ ಅರ್ಧ, ಮರುದಿನ ಪೂರ್ತಿ ಕಳೆಯಿತು. ಆ ಒಂದೂವರೆ ದಿನದ ಬಗ್ಗೆ ಮುಂದೆ ಹೇಳುತ್ತೇನೆ.

ಮೂರನೆಯ ಬೆಳಿಗ್ಗೆ ನಾವು ಹತ್ತಿದ ಬಸ್ಸು ಇದ್ದಿಲ ಗ್ಯಾಸಿನದು. ಹಿಂದುಗಡೆ ಕಟ್ಟಿದ ದೊಡ್ಡ ಪೀಪಾಯಿಯಲ್ಲಿ ಇದ್ದಿಲು ಉರಿಸಿ, ಆ ಗ್ಯಾಸಿನಲ್ಲಿ ಓಡಿಸುವುದು. ಏರು ಬಂದರೆ ಜನ ಇಳಿದು ನಡೆಯಬೇಕು. ಕ್ಲೀನರು ಕೆಂಡ ಕೆದಕಬೇಕು. ನೀಲ ನನ್ನ ತೊಡೆಯ ಮೇಲೆ ಬಿಲ್ಲಿನ ಹಾಗೆ ಹಿಂದಕ್ಕೆ ಬಾಗಿ ಮಲಗಿದ್ದಳು. ಎರಡು ಸಲ ಅವಳಿಗೆ ಸೆಳೆತ ಬಂತು. ಪ್ರತಿ ಏರಿನಲ್ಲೂ ಎಲ್ಲರೂ ಇಳಿದರು. ಡ್ರೈವರು ನನಗೆ ಮಾತ್ರ ಕೂತಿರಿ ಎಂದ. ಮೆಣಸು ಏಲಕ್ಕಿ ಮೂಟೆಗಳ ವ್ಯಾಪಾರಿಗಳು, ಕೋರ್ಟಿಗೆ ಹೊರಟವರು, ಮುದುಕರು ಎಲ್ಲ ಬಸ್ಸಿನ ಪಕ್ಕದಲ್ಲೇ ನಡೆಯುತ್ತಿದ್ದರು. ಒಂದು ಕಡಿದಾದ ಏರಿನಲ್ಲಿ ಬಸ್ಸು ನಿಂತೇಬಿಟ್ಟಾಗ ಯಾರೂ ಹೇಳದೆಯೇ ಹಿಂದಿನಿಂದ ತಳ್ಳಿದರು. ಯಜಮಾನರೂ ಅವರ ನಡುವೆ ಹೆಗಲು ಕೊಟ್ಟಿದ್ದರು. ಕಿಟಕಿಯಲ್ಲಿ ಅವರ ಮುಖ ಕಂಡಿತು; ಹೊಗೆಗೆ ಕಣ್ಣು ಕೆಂಪಾಗಿತ್ತೋ, ಅಳುತ್ತಿದ್ದರೋ ಗೊತ್ತಾಗಲಿಲ್ಲ.

ಆಸ್ಪತ್ರೆಯ ಜಗಲಿಯಲ್ಲಿ ಉದ್ದಕ್ಕೆ ಜನ ಕೂತಿದ್ದರು. ನಮ್ಮ ಸರದಿ ಬರುವ ಮೊದಲೇ, ಅಲ್ಲಿ ಹಾದು ಹೋಗುತ್ತಿದ್ದ ಡಾಕ್ಟರು ನೀಲಳ ಬಾಗಿದ ಬೆನ್ನು ನೋಡಿ ನಿಂತರು. ಐವತ್ತರ ಆಸುಪಾಸಿನ ತೆಳ್ಳಗಿನ ಮನುಷ್ಯ, ಮಾತು ಕಡಿಮೆ. ಏನೂ ಕೇಳದೆ ತಾವೇ ಎತ್ತಿಕೊಂಡು ಒಳಗೆ ಹೋದರು. ಹಿಂದೆ ಓಡಿದೆವು. ಮೆದುಳಿನ ಸುತ್ತಲಿನ ಪೊರೆಗೆ ಬಾವು ಬಂದಿರಬೇಕು, ಬೆನ್ನಿನಿಂದ ನೀರು ತೆಗೆದು ನೋಡುತ್ತೇನೆ ಎಂದರು. ಯಜಮಾನರನ್ನು ಹೊರಗೆ ನಿಲ್ಲಿಸಿ, ಮಗುವನ್ನು ಮಡಿಸಿ ಹಿಡಿದುಕೊಳ್ಳಲು ನನ್ನನ್ನು ಒಳಗೆ ಉಳಿಸಿಕೊಂಡರು.

ಆ ಸೂಜಿಯ ಉದ್ದವನ್ನು ನಾನು ಬರೆಯುವುದಿಲ್ಲ. ಅವಳು ನನ್ನ ಮುಖವನ್ನೇ ನೋಡುತ್ತ ಅವ್ವ, ಅವ್ವ ಎಂದು ಕೂಗಿದಳು. ಅಲುಗಾಡಿದರೆ ಅಪಾಯ ಎಂದಿದ್ದರು. ನಾನು ಅವಳ ಕಿವಿಯ ಹತ್ತಿರ ಬಾಯಿಟ್ಟು, ಸುಮ್ಮನಿರು, ಸುಮ್ಮನಿರು, ಸುಮ್ಮನಿರು ಎಂದು ಗದರುತ್ತಲೇ ಇದ್ದೆ. ಗಾಜಿನ ನಳಿಕೆಯಲ್ಲಿ ಹನಿ ಹನಿಯಾಗಿ ಬಿದ್ದ ನೀರು ತಿಳಿಯಾಗಿರಲಿಲ್ಲ. ಅಕ್ಕಿ ತೊಳೆದ ನೀರಿನ ಹಾಗಿತ್ತು. ಡಾಕ್ಟರು ಅದನ್ನು ಬೆಳಕಿಗೆ ಹಿಡಿದು ನೋಡಿದರು.

ಅಂಟುರೋಗ ಎಂದು ನಮ್ಮನ್ನು ಆಸ್ಪತ್ರೆಯ ಹಿಂದಿನ ಶೆಡ್ಡಿಗೆ ಹಾಕಿದರು. ಮೇಲೆ ತಗಡು, ಎರಡೇ ಮಂಚ. ಇನ್ನೊಂದು ಮಂಚದಲ್ಲಿ ಅತ್ತಿಗುಂಡಿಯ ತೋಟದಿಂದ ಬಂದಿದ್ದ ಹೂವಮ್ಮ ಎಂಬ ಹೆಂಗಸು, ತನ್ನ ಆರು ವರ್ಷದ ಮಗಳು ಚಿನ್ನಿಯ ಜೊತೆ ಇದ್ದಳು. ಅದೇ ಕಾಯಿಲೆ. ನಮಗಿಂತ ಎರಡು ದಿನ ಮೊದಲು ಬಂದವರು. ತೋಟದ ಮೇಸ್ತ್ರಿ ರಜೆ ಕೊಟ್ಟದ್ದು ಒಬ್ಬರಿಗೇ. ಅವಳ ಗಂಡ ಬೆಟ್ಟದ ಮೇಲೇ ಉಳಿದಿದ್ದ. ಶೆಡ್ಡಿನ ಬಾಗಿಲಲ್ಲಿ ನಿಂತರೆ ಬಾಬಾಬುಡನ್‌ಗಿರಿಯ ಸಾಲು ಕಾಣುತ್ತಿತ್ತು. ಅಗೋ ಆ ಬೋಳು ತಲೆಯ ಕೆಳಗೆ, ಎಡಕ್ಕೆ, ಹೊಗೆ ಏಳ್ತದಲ್ಲ, ಅಲ್ಲೇ ನಮ್ಮ ಕೂಲಿ ಲೈನು ಎಂದು ಅವಳು ತೋರಿಸುವಳು. ನನಗೆ ಹೊಗೆ ಕಾಣುತ್ತಿರಲಿಲ್ಲ. ಹೂಂ ಎನ್ನುತ್ತಿದ್ದೆ.

ಹೊಸದಾಗಿ ಬಂದಿದ್ದ ಒಂದು ಗುಳಿಗೆಯನ್ನು ಡಾಕ್ಟರು ಕೊಡುತ್ತಿದ್ದರು. ಕೆಲವೇ ವರ್ಷ ಹಿಂದಾಗಿದ್ದರೆ ಇದಕ್ಕೆ ಮದ್ದೇ ಇರಲಿಲ್ಲ ಎಂದರು. ಬಾಯಿ ಬಿಗಿದ ಮಗುವಿಗೆ ಗುಳಿಗೆ ಹೇಗೆ ಕೊಡುವುದು? ನನಗೆ ಅದನ್ನು ಕಲಿಸಿದವಳು ಹೂವಮ್ಮ. ಪುಡಿ ಮಾಡಿ ಜೇನಿನಲ್ಲಿ ಕಲಸಿ, ಬೆರಳಿನಿಂದ ಕೆನ್ನೆಯ ಒಳಗೋಡೆಗೆ ಸವರಬೇಕು. ಗಂಜಿಯನ್ನು ಶುದ್ಧ ಬಟ್ಟೆಯ ಬತ್ತಿಯಲ್ಲಿ ಅದ್ದಿ ತುಟಿಯ ಸಂದಿಯಲ್ಲಿ ಹಿಂಡಬೇಕು. ಜೇನು ಅವಳದೇ, ಗಿರಿಯ ಕಾಡಿನದು, ಅರ್ಧ ಸೀಸೆ ತಂದಿದ್ದಳು. ನನ್ನ ಮಗಳಿಗೂ ಅದರಿಂದಲೇ ಕೊಟ್ಟಳು. ಊರಲ್ಲಾಗಿದ್ದರೆ ಅವಳು ನಮ್ಮ ಅಂಗಡಿಯ ಮೆಟ್ಟಿಲ ಕೆಳಗೆ ನಿಂತು ಸೀರೆ ಕೇಳುವವಳು, ನಾನು ಮೇಲೆ ಕೂತು ಎಸೆಯುವವಳು. ಆ ಶೆಡ್ಡಿನಲ್ಲಿ ಒಂದೇ ಚೊಂಬಿನ ನೀರು ಕುಡಿದೆವು. ಯಾರು ಮೊದಲು ಕುಡಿದರು ಎಂದು ಇಬ್ಬರೂ ನೋಡಲಿಲ್ಲ.

ಐದನೆಯ ದಿನ ನೀಲಳ ಜ್ವರ ಇಳಿಯಿತು. ಅದೇ ಬೆಳಿಗ್ಗೆ, ಡಾಕ್ಟರು ಬಂದು ಹೋದ ಸ್ವಲ್ಪ ಹೊತ್ತಿಗೆ, ಚಿನ್ನಿ ತೀರಿಕೊಂಡಳು. ಹೂವಮ್ಮ ಕೂಗಲಿಲ್ಲ. ಮಗಳ ಕೂದಲು ಬಾಚಿ ಜಡೆ ಹಾಕಿದಳು. ಸುದ್ದಿ ಹೋಗಿ ಗಂಡ ಬರುವ ತನಕ ಪಕ್ಕದಲ್ಲೇ ಕೂತಿದ್ದಳು. ಹೊರಡುವ ಮುಂಚೆ ಜೇನಿನ ಸೀಸೆ ತಂದು ನನ್ನ ಮಂಚದ ಮೇಲಿಟ್ಟಳು.

"ಸಾವಿಗೆ ಬೇಕಾದ್ದು ಸಿಕ್ತು ಅಮ್ಮಾ. ಇನ್ನು ನಿಮ್ ಮಗೀನ ತಂಟೆಗೆ ಬರಲ್ಲ. ಹೆದ್ರಬೇಡಿ."

ಆ ಮಾತು ಕೇಳಿ ನನಗೆ ಸಮಾಧಾನವಾಯಿತು. ಎದುರಿಗೆ ಅವಳ ಮಗಳ ಹೆಣವಿತ್ತು, ನನಗೆ ಸಮಾಧಾನವಾಯಿತು. ಅದಕ್ಕೆ ಇವತ್ತಿಗೂ ನಾಚುತ್ತೇನೆ. ಸೀಸೆ ತೆಗೆದುಕೊಂಡೆ. ಆಮೇಲೆ ಅವಳನ್ನು ಕಂಡಿಲ್ಲ.

ಹತ್ತನೆಯ ದಿನ ಬೆಳಿಗ್ಗೆ ನೀಲ ತಾನಾಗಿಯೇ ಕಣ್ಣು ಬಿಟ್ಟು ಅವ್ವ, ಹಸಿವು ಎಂದಳು. ನನ್ನ ಸಂತೋಷ ಹೇಳತೀರದು. ಗಂಜಿ ಕುಡಿಸುತ್ತ ಬಾಯಿಗೆ ಬಂದದ್ದೆಲ್ಲ ಮಾತಾಡಿದೆ. ಅಪ್ಪ ಊರಿಗೆ ಹೋಗಿದ್ದಾರೆ, ನಾಳೆ ಬರುತ್ತಾರೆ, ಅಜ್ಜಿ ನಿನಗಾಗಿ ಕಡುಬು ಮಾಡುತ್ತಾರಂತೆ, ಬೆಕ್ಕು ನಿನ್ನನ್ನು ಹುಡುಕುತ್ತಿದೆಯಂತೆ. ಅವಳು ನನ್ನ ಬಾಯಿಯನ್ನೇ ನೋಡುತ್ತಿದ್ದಳು. ಸ್ವಲ್ಪ ಹೊತ್ತು ನೋಡಿ ಹುಬ್ಬು ಗಂಟಿಕ್ಕಿದಳು.

"ಅವ್ವ, ಯಾಕೆ ಬರೀ ಬಾಯಿ ಆಡಿಸ್ತೀಯ? ಮಾತಾಡು."

ನನಗೆ ಅರ್ಥವಾಗಲಿಲ್ಲ. ಮಾತಾಡುತ್ತಿದ್ದೇನಲ್ಲ ಎಂದೆ. ಅವಳಿಗೆ ಸಿಟ್ಟು ಬಂತು. ನಾನು ಆಟವಾಡಿಸುತ್ತಿದ್ದೇನೆ ಎಂದುಕೊಂಡಳು. ಜೋರಾಗಿ ಹೇಳು, ಜೋರಾಗಿ ಹೇಳು ಎಂದು ಕಿರುಚಿದಳು. ಅವಳ ದನಿ ಅವಳಿಗೇ ಕೇಳದೆ ಶೆಡ್ಡಿನ ತಗಡು ಅದುರುವಷ್ಟು ದೊಡ್ಡದಾಗಿತ್ತು. ಕೊನೆಗೆ ಸಣ್ಣ ಮುಷ್ಟಿ ಮಾಡಿ ನನ್ನ ಬಾಯಿಗೆ ಹೊಡೆದಳು. ಗಂಜಿಯ ಬಟ್ಟಲು ಹಾರಿ ಕಲ್ಲಿನ ನೆಲಕ್ಕೆ ಬಿತ್ತು. ಆ ಸದ್ದಿಗೆ ಹೊರಗಿದ್ದ ಆಯಾ ಓಡಿ ಬಂದಳು. ನೀಲ ಬಟ್ಟಲಿನ ಕಡೆ ತಿರುಗಲಿಲ್ಲ.

ಅವಳ ಕಿವಿಗೆ ಬಿದ್ದ ನನ್ನ ಕೊನೆಯ ಮಾತು ಯಾವುದು ಎಂದು ನನಗೆ ಗೊತ್ತಿಲ್ಲ. ಹಲವು ಸಲ ಲೆಕ್ಕ ಹಾಕಿದ್ದೇನೆ. ಅದು ಸುಮ್ಮನಿರು ಎಂಬುದೇ ಇರಬೇಕು.

ಡಾಕ್ಟರು ಬಂದು, ಅವಳ ಹಿಂದೆ ನಿಂತು ಕಂಚಿನ ಗಂಟೆ ಬಾರಿಸಿದರು. ಮಿಡಿದರೆ ಗುಂಯ್ ಎನ್ನುವ ಕಬ್ಬಿಣದ ಕವೆಯೊಂದನ್ನು ನೆತ್ತಿಯ ಎಲುಬಿಗೆ ಒತ್ತಿ ನೋಡಿದರು. ಆಮೇಲೆ ನನ್ನನ್ನು ಜಗಲಿಗೆ ಕರೆದು, ಬೆಂಚಿನ ಮೇಲೆ ತಾವೂ ಪಕ್ಕದಲ್ಲಿ ಕೂತರು. ಕಿವಿಯ ನರಕ್ಕೆ ಬಾವು ತಗುಲಿದೆ, ಕೇಳುವ ಶಕ್ತಿ ಮತ್ತೆ ಬರುವುದಿಲ್ಲ, ಇಂಗ್ಲೆಂಡಿಗೆ ಒಯ್ದರೂ ಬರುವುದಿಲ್ಲ ಎಂದರು. ಅಷ್ಟು ನೇರವಾಗಿ ಹೇಳಿದ್ದಕ್ಕೆ ಅವತ್ತು ಅವರನ್ನು ಮನಸ್ಸಿನಲ್ಲೇ ಶಪಿಸಿದೆ. ಊರೂರು ಅಲೆಯದಂತೆ ನಮ್ಮನ್ನು ಉಳಿಸಿದ್ದು ಅದೇ ಮಾತು ಎಂದು ಆಮೇಲೆ ತಿಳಿಯಿತು.

ಒಂದು ದಿನ ಮೊದಲೇ ತಂದಿದ್ದರೆ, ಎಂದು ಕೇಳಿದೆ.

"ಅದನ್ನ ಯಾರೂ ಹೇಳೋಕ್ಕಾಗಲ್ಲಮ್ಮ. ನನ್ನ ಕೇಳಬೇಡಿ. ನಿಮ್ಮನ್ನ ನೀವೂ ಕೇಳ್ಕೋಬೇಡಿ."

ಎದ್ದು ಹೋಗುವಾಗ ಇನ್ನೊಂದು ಮಾತು ಹೇಳಿದರು. ಈಗ ಅವಳ ಬಾಯಲ್ಲಿ ಮಾತು ಇದೆ. ಕಿವಿಗೆ ಬೀಳದ ಮಾತು ನಾಲಿಗೆಯಿಂದ ಉದುರುತ್ತಾ ಹೋಗುತ್ತದೆ. ದಿನಾ ಎದುರು ಕೂರಿಸಿಕೊಂಡು ಮಾತಾಡಿಸಿ, ಎಷ್ಟು ಉಳಿಯುತ್ತದೋ ಅಷ್ಟು ಉಳಿಸಿಕೊಳ್ಳಿ.

ಮನೆಗೆ ಬಂದಾಗ ಅವಳಿಗೆ ನಡೆಯಲೂ ಬರುತ್ತಿರಲಿಲ್ಲ. ಕಾಲಲ್ಲಿ ಶಕ್ತಿಯಿದ್ದರೂ ಕುಡಿದವರ ಹಾಗೆ ತೂರಾಡಿ ಬೀಳುವಳು. ಗೋಡೆ ಹಿಡಿದು, ಕಂಬ ಹಿಡಿದು, ಎರಡು ತಿಂಗಳಲ್ಲಿ ನಡಿಗೆ ಕಲಿತಳು. ಬೀದಿಯವರು ನೋಡಲು ಬಂದರು. ಬಂದವರೆಲ್ಲ ಅವಳ ಹಿಂದೆ ನಿಂತು ಚಪ್ಪಾಳೆ ತಟ್ಟುವರು. ಯಾರೋ ಒಬ್ಬರು, ಈಗ ಸ್ವಲ್ಪ ತಿರುಗಿದಂತಾಯ್ತು ಎನ್ನುವರು. ಅವತ್ತಿಡೀ ನಾವು ಅದನ್ನೇ ನಂಬಿಕೊಂಡಿರುವೆವು. ನಮ್ಮತ್ತೆಯಂತೂ ತಿಂಗಳುಗಟ್ಟಲೆ ಅವಳ ಬೆನ್ನ ಹಿಂದೆ ಹಿತ್ತಾಳೆ ತಂಬಿಗೆ ಬೀಳಿಸಿ ನೋಡುತ್ತಿದ್ದರು. ತಂಬಿಗೆಯ ಬಾಯಿ ಸೊಟ್ಟಗಾಯಿತು.

ಒಂದು ದಿನ ಹಾಗೆ ಬೀಳಿಸಿದ ತಂಬಿಗೆಯನ್ನು ಅವರು ಎತ್ತಿಕೊಳ್ಳಲಿಲ್ಲ. ಅಡಿಗೆಮನೆಯಲ್ಲಿ ನನ್ನ ಪಕ್ಕಕ್ಕೆ ಬಂದು ಕೂತರು.

"ಪಾರ್ವತಿ, ತಡ ಮಾಡಿದ್ದು ನಾನು ಕಣೇ."

ಅಲ್ಲ ಅತ್ತೆ ಎಂದು ನಾನು ಹೇಳಬೇಕಾಗಿತ್ತು. ಡಾಕ್ಟರು ಹೇಳಿದ್ದನ್ನಾದರೂ ಹೇಳಬಹುದಾಗಿತ್ತು. ನೋವು ಎಂದು ಬಂದ ಮಗುವಿಗೆ ಹೊಡೆದವಳು ನಾನು, ಅದನ್ನಾದರೂ ಒಪ್ಪಿಕೊಳ್ಳಬಹುದಾಗಿತ್ತು. ಅವತ್ತಿನ ತನಕ ಅದನ್ನು ನಾನು ಯಾರಿಗೂ ಹೇಳಿರಲಿಲ್ಲ. ತಪ್ಪು ಅವರ ತಲೆಯ ಮೇಲೆ ಇದ್ದಷ್ಟು ಹೊತ್ತು ನನ್ನ ತಲೆ ಹಗುರವಾಗಿತ್ತು. ಹಿಟ್ಟು ನಾದುತ್ತಲೇ ಇದ್ದೆ. ಅವರು ಸ್ವಲ್ಪ ಹೊತ್ತು ಕಾದು ಎದ್ದುಹೋದರು. ವರ್ಷದ ಮೇಲೆ, ಅವರು ಹಾಸಿಗೆ ಹಿಡಿದು ಮಲಗಿದ್ದಾಗ, ಎಲ್ಲವನ್ನೂ ಹೇಳಿದೆ. ಅಷ್ಟರಲ್ಲಿ ಅವರಿಗೆ ಜ್ಞಾನ ಸರಿಯಾಗಿರಲಿಲ್ಲ. ಕೇಳಿಸಿತೋ ಇಲ್ಲವೋ. ನನ್ನ ಕೈ ಹಿಡಿದುಕೊಂಡದ್ದು ಮಾತ್ರ ನಿಜ.

ಬಾಳೂರಿನ ಆ ತಾಯಿಗೆ ಹೇಳಬೇಕಾದ ಮೊದಲ ಸಂಗತಿ ಇದೇ: ತಡವಾಗಿದ್ದರೆ ಅದನ್ನು, ನಾವು ಆ ಒಂದೂವರೆ ದಿನವನ್ನು ಕಟ್ಟಿದ ಹಾಗೆ, ಮನೆಯಲ್ಲಿ ಒಬ್ಬೊಬ್ಬರ ತಲೆಗೆ ಕಟ್ಟುತ್ತ ಕೂರಬೇಡಿ. ಯಜಮಾನರು ಬಸ್ಸು ತಪ್ಪಿದ್ದಕ್ಕೆ ತಮ್ಮನ್ನು ಬೈದುಕೊಂಡರು. ಕಾಂಪೌಂಡರು ಆಮೇಲೆ ನಮ್ಮ ಬೀದಿಯಲ್ಲಿ ಓಡಾಡುವುದನ್ನೇ ಬಿಟ್ಟರು. ಇಷ್ಟು ಜನ ಹೊತ್ತರೂ ಆ ಭಾರ ಒಂದು ಗುಂಜಿಯಷ್ಟೂ ಕಡಿಮೆಯಾಗಲಿಲ್ಲ.

ಯಜಮಾನರಿಗೆ ಹಿಂದಿನಿಂದ ನೀಲಾ ಎಂದು ಕರೆಯುವ ಅಭ್ಯಾಸ ಹೋಗಲಿಲ್ಲ. ಕರೆದು, ತಕ್ಷಣ ನೆನಪಾಗಿ, ಹಣೆ ಒತ್ತಿಕೊಳ್ಳುವರು. ಕೊನೆಗೆ ಅಂಗಡಿಯ ಗಾದಿಯನ್ನೇ ಎತ್ತಿ ಬೇರೆ ಗೋಡೆಗೆ ಹಾಕಿಸಿದರು. ಅಲ್ಲಿ ಕೂತರೆ ಮನೆಯಿಂದ ಬರುವವಳ ಮುಖ ಅವರಿಗೆ ನೇರ ಕಾಣುತ್ತದೆ, ಅವರ ಮುಖ ಅವಳಿಗೆ.

ನಾನು ದಿನಾ ಬೆಳಿಗ್ಗೆ ಅವಳನ್ನು ಕನ್ನಡಿಯ ಮುಂದೆ ಕೂರಿಸಿಕೊಂಡೆ. ಅವಳ ಅಂಗೈಯನ್ನು ನನ್ನ ಗಂಟಲಿಗೆ ಒತ್ತಿಸಿ, ಒಂದೊಂದೇ ಮಾತು ಹೇಳುವುದು. ಅವಳು ತನ್ನ ಗಂಟಲು ಮುಟ್ಟಿಕೊಂಡು ಹೇಳುವುದು. ಆದರೂ ಉದುರಿದವು. ಮೊದಲು ಸ, ಶ ಹೋದವು. ಆಮೇಲೆ ಬೆಕ್ಕು ಎಂಬುದು ಎಕ್ಕು ಆಯಿತು, ಮುಂದೆ ಬರೀ ಉಸಿರಾಯಿತು. ಒಂದು ಮಾತು ಇವತ್ತು ಇದ್ದದ್ದು ನಾಳೆಗೆ ಇರುತ್ತಿರಲಿಲ್ಲ. ಯಾವತ್ತು ಹೋಯಿತು ಎಂದೂ ತಿಳಿಯುತ್ತಿರಲಿಲ್ಲ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ, ಗಿರಾಕಿಗಳನ್ನು ಮೆಟ್ಟಿಲ ಮೇಲೆ ತಡೆಯುತ್ತಿದ್ದ ನನ್ನ ಶ್ಯಾನುಭೋಗರ ಹತ್ತಿರ ಮೂವತ್ತು ನಲವತ್ತು ಮಾತು ಉಳಿದಿದ್ದವು. ಅವೂ ಮನೆಯವರಿಗೆ ಮಾತ್ರ ತಿಳಿಯುವಂಥವು. ನನಗೆ ದಣಿವಾಗಿ, ಕನ್ನಡಿಯನ್ನು ಗೋಡೆಗೆ ತಿರುಗಿಸಿಟ್ಟು ಮಲಗಿದ ದಿನಗಳೂ ಇವೆ. ಅದನ್ನೂ ಆ ತಾಯಿಗೆ ಹೇಳಬೇಕು. ದಣಿವಾಗುತ್ತದೆ. ಮಗು ಉಳಿದಿದೆಯಲ್ಲ ಎಂದು ಜನ ಹೇಳುತ್ತಾರೆ, ಉಳಿದಿದೆ, ನಿಜ. ಆದರೂ ಅಳು ಬಂದರೆ ಅಳಬಹುದು.

ಕಳೆದ ವರ್ಷದಿಂದ ಸ್ಲೇಟು ಹಿಡಿಸಿದ್ದೇನೆ. ಅಕ್ಷರಕ್ಕೆ ಕಿವಿ ಬೇಡವಲ್ಲ. ಬೇಗ ಹಿಡಿಯುತ್ತಾಳೆ. ಬಟ್ಟೆಯ ಮಡಿಕೆಯ ಮೇಲೆ ಸೀಮೆಸುಣ್ಣದಲ್ಲಿ ಗಿರಾಕಿಯ ಹೆಸರು ಬರೆಯುವುದು ಅವಳ ಕೆಲಸ.

ಹುಷಾರಾಗಿ ಬಂದ ಹೊಸತರಲ್ಲಿ ಅವಳು ದಿನಾ ಕಿವಿ ಮುಟ್ಟಿ ತೋರಿಸಿ, ನಾಳೆ? ಎಂದು ಕೇಳುತ್ತಿದ್ದಳು. ಕಾಲು ನಾಳೆಗೆ ಸರಿಹೋಗುತ್ತದೆ ಎಂದು ನಾವು ಸನ್ನೆಯಲ್ಲಿ ಹೇಳುತ್ತಿದ್ದೆವು, ಕಾಲು ಸರಿಹೋಯಿತು; ಕಿವಿಯೂ ಹಾಗೇ ಎಂದುಕೊಂಡಿದ್ದಳು. ನಾನು ತಲೆಯಾಡಿಸುತ್ತಿದ್ದೆ. ಬೇರೇನು ಮಾಡಲಿ? ದಿನಾ ಕೇಳುತ್ತಿದ್ದದ್ದು ವಾರಕ್ಕೊಮ್ಮೆ ಆಯಿತು, ತಿಂಗಳಿಗೊಮ್ಮೆ ಆಯಿತು, ನಿಲ್ಲಲಿಲ್ಲ. ನಾನೂ ನಾಲ್ಕು ವರ್ಷ ತಲೆಯಾಡಿಸಿದೆ.

ಹೋದ ವಾರ ಪಕ್ಕದ ಮನೆಯ ಹುಡುಗಿ ಶಾಲೆಗೆ ಹೊರಟಾಗ, ನೀಲ ತನ್ನ ಲಂಗ ಝಾಡಿಸಿ, ಸ್ಲೇಟು ಎದೆಗೊತ್ತಿಕೊಂಡು ಹೊಸ್ತಿಲಲ್ಲಿ ನಿಂತಿದ್ದಳು. ಆ ಹುಡುಗಿಗೆ ಕಿವಿ ಮುಟ್ಟಿ ತೋರಿಸಿ, ನಾಳೆ ನಾನೂ ಬರುತ್ತೇನೆ ಎಂದು ಸನ್ನೆ ಮಾಡಿದಳು. ಹುಡುಗಿ ನಕ್ಕು ಓಡಿಹೋಯಿತು. ನೀಲ ನನ್ನ ಕಡೆ ತಿರುಗಿದಳು. "ನಾಳೆ?"

ಅವಳನ್ನು ಬೆಳಕಿಗೆ ತಿರುಗಿಸಿ ನಿಲ್ಲಿಸಿಕೊಂಡು, ನಿಧಾನವಾಗಿ, ಒಂದೊಂದೇ ಅಕ್ಷರ ಬಿಡಿಸಿ ಹೇಳಿದೆ. "ಇಲ್ಲ ನೀಲ. ಕಿವಿ ಬರಲ್ಲ."

ತಪ್ಪು ನೋಡಿದೆನೇನೋ ಎಂಬಂತೆ ನನ್ನ ತುಟಿಯ ಮೇಲೆ ಬೆರಳಿಟ್ಟಳು. ಮತ್ತೊಮ್ಮೆ ಹೇಳಿದೆ. ಅವಳು ಬೆರಳು ತೆಗೆದಳು.

"ನಾಡಿದ್ದು?"

ನಾಡಿದ್ದೂ ಇಲ್ಲ ಎಂದೆ. ಯಾವತ್ತೂ ಇಲ್ಲ ಎಂದೆ. ಅವಳ ಕಣ್ಣು ನನ್ನ ಬಾಯಿಂದ ಮೇಲಕ್ಕೆ ಬಂದು ನನ್ನ ಕಣ್ಣಿನಲ್ಲಿ ನಿಂತಿತು. ನಾನು ಮುಖ ತಿರುಗಿಸಲಿಲ್ಲ. ಆಮೇಲೆ ಅವಳು ಒಳಗೆ ಹೋಗಿ, ಗೋಡೆಗೆ ಮುಖ ಮಾಡಿ ಕೂತಳು. ಹತ್ತಿರ ಹೋದರೆ ಕೈ ತಳ್ಳಿದಳು. ಅಪ್ಪ ಬಂದರೂ ತಿರುಗಲಿಲ್ಲ. ಹೊಸ್ತಿಲ ಹತ್ತಿರ ಸ್ಲೇಟು ಬಿದ್ದೇ ಇತ್ತು.

ಮಧ್ಯಾಹ್ನ ರೊಟ್ಟಿ ಸುಡುತ್ತಿದ್ದಾಗ ಬಂದು ಒಲೆಯ ಎದುರು ಕೂತಳು. ಮುಖ ಊದಿತ್ತು. ಒಂದು ಹಾಕಿದೆ, ತಿಂದಳು. ಎರಡನೆಯದನ್ನೂ ತಿಂದಳು. ಮೂರನೆಯದಕ್ಕೆ ತಟ್ಟೆ ಮುಂದೆ ನೂಕಿದಳು. ಹಾಕಿದೆ.